ಸ್ಕೌಟ್ ಮಕ್ಕಳ ಹಳೆಯ ಚಾಕುಗಳು

ಹವ್ಯಾಸಗಳು ಒಬ್ಬೊಬ್ಬರಿಗೆ ಒಂದೊಂದು. ಅಂಚೆಚೀಟಿ ಕೂಡಿಡುವವರುಂಟು, ಹಳೆಯ ನಾಣ್ಯ ಹುಡುಕುವವರುಂಟು. ದಸರಾ ಬಂತೆಂದರೆ ಅಜ್ಜಿ ಕಾಲದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಸಾಲಾಗಿ ಜೋಡಿಸುವ ಸೋದರಿಯರಂತೂ ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಹಳೆಯ ಚಾಕುಗಳನ್ನು ಸಂಗ್ರಹಿಸುವವರೂ ಇದ್ದಾರೆ ಎಂದರೆ ನೀವು ಹುಬ್ಬೇರಿಸಬಹುದು. "ಅಯ್ಯೋ, ಚಾಕುನಾ? ಮಕ್ಕಳಿರೋ ಮನೇಲಿ ಅವೆಲ್ಲ ಯಾಕ್ರೀ?" ಎಂದು ನಮ್ಮ ಓಣಿಯವರೂ ಕೇಳಿದ್ದಾರೆ.

ತಮಾಷೆಯೆಂದರೆ, ನಾನು ಹೇಳಹೊರಟಿರುವ ಚಾಕುಗಳು ಮಕ್ಕಳಿಗಾಗಿಯೇ ತಯಾರಾದವು. ಅಮೆರಿಕದ ಸ್ಕೌಟ್ ಹುಡುಗರು, ಸ್ಕೌಟ್ ಹುಡುಗಿಯರು ಕಾಡಿಗೆ, ಶಿಬಿರಕ್ಕೆ ಹೋಗುವಾಗ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮಡಿಸುವ ಚಾಕುಗಳಿವು. ಅಂಥ ಎಂಟು ಚಾಕುಗಳು ದಾವಣಗೆರೆಯ ನಮ್ಮ ಮನೆಯಲ್ಲಿವೆ. ಅವು ಹೇಗೆ ಬಂದವು, ಅವುಗಳ ಹಿಂದಿನ ಕಥೆ ಏನು, ಅವನ್ನು ಹೇಗೆ ಕಾಪಾಡಬೇಕು ಎಂಬುದನ್ನು ಸೋದರಿಯರೊಂದಿಗೆ ಹಂಚಿಕೊಳ್ಳೋಣವೆಂದು ಈ ಬರಹ.

ಒಂದೇ ಚಾಕು, ನಾಲ್ಕು ಕೆಲಸ

ಮೊದಲು ಚಾಕು ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ಮಡಿಸಿದರೆ ಮೂರೂವರೆ ಅಂಗುಲಕ್ಕಿಂತ ತುಸು ಉದ್ದ, ಅಂಗೈಯಲ್ಲಿ ಹಿಡಿಸುತ್ತದೆ. ಒಳಗೆ ನಾಲ್ಕು ಅಲಗುಗಳು. ಒಂದು ಕತ್ತರಿಸುವ ದೊಡ್ಡ ಅಲಗು. ಇನ್ನೊಂದು ತಗಡಿನ ಡಬ್ಬಿ ತೆರೆಯುವ ಕೊಕ್ಕೆ. ಮೂರನೆಯದು ಚಪ್ಪಟೆ ತುದಿಯದು. ಅದರಿಂದ ಸ್ಕ್ರೂ ತಿರುಗಿಸಬಹುದು, ಸೋಡಾ ಬಾಟಲಿಯ ಮುಚ್ಚಳವನ್ನೂ ಎಬ್ಬಿಸಬಹುದು. ನಾಲ್ಕನೆಯದು ನಮ್ಮ ದಬ್ಬಣದ ಹಾಗೆ, ತೊಗಲಿಗೆ ತೂತು ಹಾಕಲು. ಹಿಡಿಕೆಯ ಒಂದು ತುದಿಗೆ ಬಳೆಯಂಥ ಕೊಂಡಿ, ಪಟ್ಟಿಗೆ ತೂಗುಹಾಕಿಕೊಳ್ಳಲು. ಹಿಡಿಕೆಯ ನಡುವೆ ಸ್ಕೌಟ್ ಲಾಂಛನವಿರುವ ಪುಟ್ಟ ಲೋಹದ ಬಿಲ್ಲೆ.

ಹಳೆಯ ಚಾಕುಗಳ ಹಿಡಿಕೆಗೆ ದನದ ಮೂಳೆಯನ್ನು ಕೆತ್ತಿ, ಜಿಂಕೆ ಕೊಂಬಿನಂತೆ ಕಾಣಲೆಂದು ಬಣ್ಣ ಹಾಕುತ್ತಿದ್ದರು. ಮುಂದೆ ಪ್ಲಾಸ್ಟಿಕ್ಕಿನಲ್ಲೇ ಮೂಳೆಯ ಮಾದರಿ ತೆಗೆದರು. ಈ ವಿಷಯ ತಿಳಿದಾಗಿನಿಂದ ನಮ್ಮತ್ತೆಯವರು ಆಯುಧಪೂಜೆಯ ದಿನ ಪ್ಲಾಸ್ಟಿಕ್ ಹಿಡಿಕೆಯವನ್ನು ಮಾತ್ರ ಒಳಗಿನ ಪೂಜೆಗೆ ಬಿಡುತ್ತಾರೆ. ಮೂಳೆ ಹಿಡಿಕೆಯವಕ್ಕೆ ಹಿತ್ತಲಿನಲ್ಲಿ, ಕುಡುಗೋಲು ಕೊಡಲಿಗಳ ಪಕ್ಕದಲ್ಲಿ, ಅರಿಶಿನ ಕುಂಕುಮ. "ಪೂಜೆ ಅಂತೂ ತಪ್ಪಲಿಲ್ವಲ್ಲ, ಸಾಕು" ಅನ್ನುತ್ತಾರೆ ನಮ್ಮನೆಯವರು.

ಬಂದೂಕಿನ ಕಾರ್ಖಾನೆಯಿಂದ ಮಕ್ಕಳ ಜೇಬಿಗೆ

ಸ್ಕೌಟ್ ಚಳವಳಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ೧೯೦೭ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಸುಮಾರು ೨೦ ಹುಡುಗರನ್ನು ಬ್ರೌನ್‌ಸೀ ಎಂಬ ನಡುಗಡ್ಡೆಗೆ ಕರೆದೊಯ್ದು ಶಿಬಿರ ನಡೆಸಿದರು. ಮರುವರ್ಷ ಅವರು ಬರೆದ ಸ್ಕೌಟ್ ಪುಸ್ತಕ ಹದಿನೈದು ದಿನಕ್ಕೊಂದು ಕಂತಿನಂತೆ ಆರು ಕಂತುಗಳಲ್ಲಿ ಹೊರಬಂತು, ನಮ್ಮ ಈ ಪಾಕ್ಷಿಕದ ಹಾಗೇ! ಹುಡುಗಿಯರು ಸುಮ್ಮನಿದ್ದಾರೆಯೇ? ೧೯೦೯ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಸ್ಕೌಟ್ ಮೇಳಕ್ಕೆ ಕರೆಯದೆಯೇ ಬಂದು, "ನಾವೂ ಸ್ಕೌಟುಗಳೇ" ಎಂದು ನಿಂತರು. ಅದರ ಫಲವಾಗಿ ೧೯೧೦ರಲ್ಲಿ ಗೈಡ್ಸ್ ಸಂಸ್ಥೆ ಹುಟ್ಟಿತು. ಅದನ್ನು ಮೊದಲಿಗೆ ನಡೆಸಿದವರು ಬೇಡನ್ ಪೊವೆಲ್ಲರ ತಂಗಿ ಆಗ್ನೆಸ್.

ನಮ್ಮ ದೇಶಕ್ಕೆ ಸ್ಕೌಟಿಂಗ್ ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ೧೯೦೯ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ಅಲ್ಲಿ ಮೊದಲ ದಳ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, ೧೯೫೦ರ ನವೆಂಬರ್ ೭ರಂದು, ಬೇರೆಬೇರೆಯಾಗಿದ್ದ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಆಗಸ್ಟ್ ೧೫ರಂದು ಗರ್ಲ್ ಗೈಡ್ಸ್ ಕೂಡ ಅದರಲ್ಲಿ ಸೇರಿತು.

ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಶುರುವಾದದ್ದು ೧೯೧೦ರ ಫೆಬ್ರವರಿ ೮ರಂದು. ಒಂದೆರಡು ವರ್ಷದಲ್ಲೇ ಅದರ ಹೆಸರಿನಲ್ಲಿ ಚಾಕು ಮಾರಾಟಕ್ಕೆ ಬಂತು. ವಾಲ್ಡನ್ ಎಂಬ ಊರಿನ ನ್ಯೂಯಾರ್ಕ್ ನೈಫ್ ಕಂಪನಿ ಮೊದಮೊದಲ ಚಾಕುಗಳನ್ನು ಮಾಡಿತು. ಆಮೇಲೆ ರೆಮಿಂಗ್‌ಟನ್, ಅಲ್‌ಸ್ಟರ್, ಇಂಪೀರಿಯಲ್, ಕೆಮಿಲಸ್, ಹೀಗೆ ಹಲವು ಕಾರ್ಖಾನೆಗಳು. ಇವುಗಳಲ್ಲಿ ರೆಮಿಂಗ್‌ಟನ್ನಿನ ಕಥೆ ನನಗೆ ಬಹಳ ಹಿಡಿಸಿತು. ಅದು ಬಂದೂಕಿನ ಕಂಪನಿ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಬಂದೂಕು, ಬಂದೂಕಿನ ತುದಿಗೆ ಸಿಕ್ಕಿಸುವ ಬಾಕು, ಎಲ್ಲ ಮಾಡಿಕೊಟ್ಟಿತು. ಯುದ್ಧ ನಿಂತಿತು, ಕಾರ್ಖಾನೆಗೆ ಕೆಲಸವಿಲ್ಲದಾಯಿತು. ಆಗ ಜೇಬುಚಾಕು ಮಾಡಲು ತೊಡಗಿ, ೧೯೨೦ರ ದಶಕದಲ್ಲಿ ಸ್ಕೌಟ್ ಮಕ್ಕಳಿಗೂ ಮಾಡಿತು. ಕೊಲ್ಲಲು ಬಾಕು ತಯಾರಿಸುತ್ತಿದ್ದವರು ಮಕ್ಕಳು ಹಣ್ಣು ಹೆಚ್ಚಲು, ಹಗ್ಗ ಕೊಯ್ಯಲು ಚಾಕು ತಯಾರಿಸಿದರು. ಒಳ್ಳೆಯದೇ ಆಯಿತಲ್ಲವೇ? ೧೯೪೦ರಲ್ಲಿ ಮತ್ತೆ ಯುದ್ಧದ ಕಾಲ ಬಂದಾಗ ರೆಮಿಂಗ್‌ಟನ್ ತನ್ನ ಚಾಕಿನ ವ್ಯವಹಾರವನ್ನು ಬೇರೆಯವರಿಗೆ ಮಾರಿಬಿಟ್ಟಿತು. ಅದಕ್ಕೇ ಆ ಹೆಸರಿನ ಹಳೆಯ ಸ್ಕೌಟ್ ಚಾಕಿಗೆ ಸಂಗ್ರಹಕಾರರಲ್ಲಿ ಅಷ್ಟು ಬೇಡಿಕೆ. ಕೆಮಿಲಸ್ ಕಾರ್ಖಾನೆಯೂ ೨೦೦೭ರಲ್ಲಿ ಬಾಗಿಲು ಹಾಕಿತು.

ಅಪ್ಪನ ಚಾಕು

ನಮ್ಮ ಸಂಗ್ರಹದ ಮೊದಲ ಚಾಕು ನನ್ನ ತವರುಮನೆ ಹರಿಹರದ್ದು. ನಮ್ಮಪ್ಪ ಹುಡುಗರಾಗಿದ್ದಾಗ ಶಾಲೆಯಲ್ಲಿ ಸ್ಕೌಟ್ ಆಗಿದ್ದರು. ಅವರ ಸ್ಕೌಟ್ ಮಾಸ್ತರರ ನೆಂಟರೊಬ್ಬರು ಹಡಗಿನ ಕೆಲಸದಲ್ಲಿದ್ದರಂತೆ, ಅವರು ತಂದುಕೊಟ್ಟ ಅಮೆರಿಕದ ಚಾಕು. ಅಪ್ಪ ಶಾಲೆ ಬಿಡುವಾಗ ಮಾಸ್ತರರು ಅದನ್ನು ಇವರ ಕೈಗಿಟ್ಟು, "ಚೆನ್ನಾಗಿ ನೋಡ್ಕೋ" ಎಂದರಂತೆ. ಅಷ್ಟೇ ಮಾತು.

ಅಪ್ಪ ಮುಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ೧೯೪೧ರಲ್ಲಿ ಸ್ಥಾಪನೆಯಾಗಿ ಲೇಥ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಆ ಕಾರ್ಖಾನೆ ಈಗಿಲ್ಲ. ದಿನವಿಡೀ ಉಕ್ಕಿನ ಜೊತೆ ಕೆಲಸ ಮಾಡಿ ಬಂದವರು ಭಾನುವಾರ ಮತ್ತೆ ಈ ಚಾಕು ಹಿಡಿದು ಕೂರುತ್ತಿದ್ದರು. ಒಂದು ಹನಿ ಎಣ್ಣೆ, ಹಳೇ ಪಂಚೆಯ ತುಂಡು. ತೆರೆಯುವಾಗ, ಮುಚ್ಚುವಾಗ 'ಟಕ್' ಎಂದು ಸದ್ದಾಗಬೇಕು. ಆ ಸದ್ದು ಕೇಳಿದರೆ ಸ್ಪ್ರಿಂಗ್ ಗಟ್ಟಿಯಿದೆ ಎಂದು ಅರ್ಥ. ಅಮೆರಿಕದ ಸಂಗ್ರಹಕಾರರೂ ಇದೇ ಸದ್ದಿಗೆ ಕಿವಿ ಕೊಡುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದೆವು. ಗುಜರಿಯವನು ಬಾಗಿಲಲ್ಲೇ ಕೂತಿದ್ದ. ತುಕ್ಕು ಹಿಡಿದ ಬೀಗ, ಇಕ್ಕಳ, ಸ್ಟೋವಿನ ಬಿಡಿಭಾಗ, ಎಲ್ಲವೂ ತಕ್ಕಡಿಗೆ ಹೋದವು. ಚಾಕು ಮಾತ್ರ ಅವ್ವನ ಸೆರಗಿನ ಗಂಟಿನಲ್ಲಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣ ಕಾರ್ಯಕ್ಕೆ ಬಂದಿದ್ದ. ಮಗನಿಗೇ ಸೇರಬೇಕಾದದ್ದು ಎಂದು ನೆಂಟರೆಲ್ಲ ಅಂದುಕೊಂಡಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಅವ್ವ ಅದನ್ನು ನನ್ನ ಕೈಗಿಟ್ಟಳು. "ಅಲ್ಲಿಂದ ಬಂದ ಚಾಕು ಮತ್ತೆ ಅಲ್ಲಿಗೇ ಯಾಕೆ ಹೋಗ್ಬೇಕು? ಇಲ್ಲೇ ಇರ್ಲಿ. ನೀನು ಎಣ್ಣೆ ಹಾಕ್ತೀಯ" ಎಂದಳು. ಅಣ್ಣನ ಮುಖ ಒಂದು ಗಳಿಗೆ ಸಣ್ಣಗಾಯಿತು. ಆದರೆ ಜಗಳ ಕಾಯಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ತಾನೇ ಒಂದು ಹಳೆಯ ಸ್ಕೌಟ್ ಚಾಕು ತಂದು, "ತಗೋ, ಅದಕ್ಕೊಂದು ಜೋಡಿ" ಎಂದ. ಹಾಗೆ ಬೆಳೆದದ್ದು ನಮ್ಮ ಸಂಗ್ರಹ. ಅಪ್ಪನದು ಕೆಮಿಲಸ್, ಅಣ್ಣ ತಂದವು ಏಳು.

ಕೆರೆದ ಅಕ್ಷರಗಳು

ಅಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಅಥವಾ ಮನೆ ಖಾಲಿ ಮಾಡಿದರೆ, ಸಾಮಾನನ್ನೆಲ್ಲ ಮೇಜುಗಳ ಮೇಲೆ ಹರವಿ ಮಾರುವುದುಂಟಂತೆ. ಹಳೇ ಸಾಮಾನಿನ ಸಂತೆಗಳೂ ಸೇರುತ್ತವೆ. ತಟ್ಟೆ, ಲೋಟ, ಹೊಲಿಗೆ ಪೆಟ್ಟಿಗೆಗಳ ನಡುವೆ ಇಂಥ ಚಾಕು ಸಿಗುತ್ತದೆ. ಅಣ್ಣ ತಂದ ಒಂದರ ಹಿಡಿಕೆಯ ಮೇಲೆ ಯಾರೋ ಹುಡುಗ ಮೊಳೆಯಿಂದ ತನ್ನ ಹೆಸರಿನ ಮೂರು ಅಕ್ಷರ ಕೆರೆದುಕೊಂಡಿದ್ದಾನೆ, ಮೂರನೆಯದು ಜಾಗ ಸಾಲದೆ ಸೊಟ್ಟಗಾಗಿದೆ. ಹೀಗೆ ಅಕ್ಷರ ಕೆರೆದಿದ್ದರೆ ಚಾಕಿನ ಬೆಲೆ ಇಳಿಯುತ್ತದೆ. ಅಣ್ಣನಿಗೂ ಅದು ಅಗ್ಗಕ್ಕೇ ಸಿಕ್ಕಿತಂತೆ.

ನನ್ನ ಲೆಕ್ಕ ಬೇರೆ. ಪೆಟ್ಟಿಗೆಯಿಂದ ಹೊರಗೇ ಬಾರದ ಹೊಸ ಚಾಕಿಗಿಂತ ನನಗೆ ಇದೇ ಮೇಲು. ನಮ್ಮ ಮನೆಗಳಲ್ಲಿ ಪಾತ್ರೆಯ ಮೇಲೆ ಹೆಸರು ಹೊಡೆಸುವುದಿಲ್ಲವೇ? ಅಜ್ಜಿಯ ಹೆಸರಿರುವ ತಾಮ್ರದ ಕೊಡವನ್ನು ಯಾರಾದರೂ "ಕೆರೆದುಬಿಟ್ಟಿದ್ದಾರೆ" ಎಂದು ಮೂಲೆಗೆ ಹಾಕುತ್ತೇವೆಯೇ? ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಯಾರೋ ದೊಡ್ಡವರು, "ಇದು ನಿನ್ನದು, ಜೋಪಾನ" ಎಂದು ಕೊಟ್ಟದ್ದಕ್ಕೆ ಆ ಮೂರು ಅಕ್ಷರ ಸಾಕ್ಷಿ.

ಹುಡುಗಿಯರ ಕೈಗೆ ಚಾಕು

ಸಂಗ್ರಹದಲ್ಲಿ ನನಗೆ ಅಚ್ಚುಮೆಚ್ಚಿನದು ಹಸಿರು ಹಿಡಿಕೆಯ, ಮೂರೆಲೆಯ ಲಾಂಛನದ ಚಾಕು. ಅದು ಗರ್ಲ್ ಸ್ಕೌಟ್ ಚಾಕು. ಅಮೆರಿಕದ ಸವಾನಾ ಎಂಬ ಊರಿನಲ್ಲಿ ೧೯೧೨ರ ಮಾರ್ಚ್ ೧೨ರಂದು ಜೂಲಿಯೆಟ್ ಗಾರ್ಡನ್ ಲೋ ಎಂಬ ಮಹಿಳೆ ಹುಡುಗಿಯರಿಗಾಗಿ ಈ ಸಂಸ್ಥೆ ಶುರುಮಾಡಿದರು. ಹುಡುಗಿಯರೂ ಡೇರೆ ಹಾಕಿದರು, ಒಲೆ ಹೂಡಿದರು, ಜೇಬಿನಲ್ಲಿ ಚಾಕು ಇಟ್ಟುಕೊಂಡರು.

ನಮ್ಮಲ್ಲಿ ನೋಡಿ. ಎಂಟು ಹತ್ತು ವರ್ಷಕ್ಕೇ ಹುಡುಗಿಯನ್ನು ಈಳಿಗೆ ಮಣೆಯ ಮುಂದೆ ಕೂರಿಸಿ "ಬದನೆಕಾಯಿ ಹೆಚ್ಚು" ಎನ್ನುತ್ತೇವೆ. ಕಾಲಿನಡಿ ಮಣೆ, ಎದುರಿಗೆ ಎದ್ದು ನಿಂತ ಹರಿತವಾದ ಅಲಗು! ಅದು ಅಪಾಯವೆಂದು ಯಾರಿಗೂ ಅನ್ನಿಸುವುದಿಲ್ಲ. ಅದೇ ಹುಡುಗಿ ಎರಡೂವರೆ ಅಂಗುಲದ ಜೇಬುಚಾಕು ಕೇಳಿದರೆ, "ಹೆಣ್ಣುಮಗಳಿಗೆ ಚಾಕು ಯಾಕೆ?" ಎಂದು ಮನೆಯೆಲ್ಲ ಎದ್ದು ಕೂರುತ್ತದೆ. ಮನೆಯೊಳಗೆ ಹೆಚ್ಚುವುದಕ್ಕಾದರೆ ನಂಬಿಕೆ, ಮನೆಯ ಹೊರಗಾದರೆ ಹೆದರಿಕೆ. ಇದು ಯಾವ ನ್ಯಾಯ?

ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂತು. ನಮ್ಮ ಮಗಳು ಪ್ರೌಢಶಾಲೆಯಲ್ಲಿ ಗೈಡ್. ಶಿಬಿರವೆಂದರೆ ನಮ್ಮ ಕಡೆ ಕೊಂಡಜ್ಜಿ. ಹರಿಹರ ತಾಲ್ಲೂಕಿನ ಈ ಊರು ದಾವಣಗೆರೆಯಿಂದಲೂ ದೂರವೇನಿಲ್ಲ. ದೊಡ್ಡ ಕೆರೆ, ಪಕ್ಕದಲ್ಲಿ ಗುಡ್ಡ, ಮರಗಳ ನಡುವೆ ಸ್ಕೌಟ್ಸ್ ಗೈಡ್ಸ್ ತರಬೇತಿ ಕೇಂದ್ರ. ಈ ಊರಿನ ಕೊಂಡಜ್ಜಿ ಬಸಪ್ಪನವರು ಸ್ಕೌಟ್ ಚಳವಳಿಯ ಹಿರಿಯರು, ೧೯೭೭ರಲ್ಲಿ ದಾವಣಗೆರೆ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದವರು. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಸ್ಕೌಟ್ಸ್ ಗೈಡ್ಸ್ ರಾಜ್ಯ ಕಚೇರಿಯ ಸಭಾಂಗಣಕ್ಕೂ ಅವರದೇ ಹೆಸರು.

ಶಿಬಿರಕ್ಕೆ ಹೊರಡುವ ಹಿಂದಿನ ದಿನ ಮಗಳು, "ಅಮ್ಮಾ, ಅಜ್ಜನ ಚಾಕು ತಗೊಂಡು ಹೋಗ್ಲಾ?" ಎಂದಳು. ಫೋನಿನಲ್ಲಿ ಅಣ್ಣ, "ಬೇಡಮ್ಮ, ಅದು ಸಂಗ್ರಹದ ಸಾಮಾನು, ಕಳೆದುಹೋದ್ರೆ ಅಂಥದ್ದು ಮತ್ತೆ ಸಿಗಲ್ಲ" ಎಂದ. ಅತ್ತೆಯವರು ಮಾತೇ ಆಡಲಿಲ್ಲ, ಸಿಟ್ಟಿನಿಂದ ಒಳಗೆ ಹೋದರು. ನನಗೂ ಎದೆ ಡವಗುಟ್ಟಿತು, ಸುಳ್ಳೇಕೆ ಹೇಳಲಿ? ಅಪ್ಪನ ನೆನಪಿಗೆ ಉಳಿದಿರುವುದೇ ಅದೊಂದು. ಹರಿಹರಕ್ಕೆ ಫೋನು ಮಾಡಿ ಅವ್ವನನ್ನೇ ಕೇಳಿದೆ. "ನಿಮ್ಮಪ್ಪನಿಗೂ ಕೊಟ್ಟಾಗ ಅವರಿನ್ನೂ ಹುಡುಗರೇ ಅಲ್ವೇನೇ?" ಎಂದಳು.

ಮಗಳ ಗೈಡ್ ಕ್ಯಾಪ್ಟನ್ ಅವರನ್ನು ವಿಚಾರಿಸಿದೆವು. "ಚಾಕು ನನ್ನ ಹತ್ತಿರ ಇರ್ಲಿ, ಕೆಲಸ ಇದ್ದಾಗ ನನ್ನೆದುರಿಗೇ ತೆಗೀಲಿ" ಎಂದರು. ಹಾಗೇ ಆಯಿತು. ಬಿದಿರಿನ ಗಳು ಕಟ್ಟುವ ಹಗ್ಗ ಕೊಯ್ದಿದ್ದಾಳೆ, ಮಾವಿನಕಾಯಿ ಹೆಚ್ಚಿದ್ದಾಳೆ. ಚಾಕು ಹಿಂದಿರುಗಿ ಬಂದಾಗ ಅಲಗಿನ ಮೇಲೆ ಸ್ವಲ್ಪ ಕಪ್ಪು ಕಲೆ. ಅದೇ ರಾತ್ರಿ, ಯಾರೂ ಹೇಳದೆ, ಮಗಳು ಅದನ್ನು ಒರೆಸಿ ಎಣ್ಣೆ ಹಚ್ಚಿಟ್ಟಳು. ಅತ್ತೆಯವರು ಬಾಗಿಲಲ್ಲಿ ನಿಂತು ನೋಡಿ, "ಆ ದಬ್ಬಣದ ಸಂದಿನಲ್ಲೂ ಒರೆಸು" ಎಂದರು!

ಅವರ ನಿಯಮ, ನಮ್ಮ ಪದ್ಧತಿ

ಅಮೆರಿಕದಲ್ಲೂ ಮಕ್ಕಳಿಗೆ ಚಾಕು ಸುಮ್ಮನೆ ಕೊಡುವುದಿಲ್ಲ. ಸ್ಕೌಟ್ ಹುಡುಗ ಮೊದಲು ಚಾಕು, ಕೊಡಲಿ, ಗರಗಸಗಳ ಬಳಕೆ ಕಲಿತು ಒಂದು ಪುಟ್ಟ ಚೀಟಿ ಸಂಪಾದಿಸಬೇಕು. ಆಮೇಲೆ ಏನಾದರೂ ಬೇಜವಾಬ್ದಾರಿ ತೋರಿದರೆ ಚೀಟಿಯ ಒಂದು ಮೂಲೆ ಕತ್ತರಿಸುವ ರೂಢಿಯುಂಟು. ನಾಲ್ಕೂ ಮೂಲೆ ಹೋದರೆ ಚಾಕು ಹಿಡಿಯುವ ಹಕ್ಕೇ ಹೋಯಿತು. ಕೈಚಾಚಿ ಸುತ್ತ ತಿರುಗಿದಾಗ ಯಾರಿಗೂ ತಾಗದಷ್ಟು ಜಾಗವಿದ್ದರೆ ಮಾತ್ರ ಚಾಕು ತೆರೆಯಬೇಕು. ತನ್ನ ಮೈಯಿಂದ ಆಚೆಗೆ ಕೊಯ್ಯಬೇಕು. ಇನ್ನೊಬ್ಬರಿಗೆ ಕೊಡುವಾಗ ಹಿಡಿಕೆ ಅವರ ಕಡೆಗಿರಬೇಕು, ತೆಗೆದುಕೊಂಡವರು "ಥ್ಯಾಂಕ್ಯೂ" ಅಂದ ಮೇಲೆಯೇ ಕೈ ಬಿಡಬೇಕು.

ನಮ್ಮ ಹಿರಿಯರು, "ಚಾಕು ಕೈಯಿಂದ ಕೈಗೆ ಕೊಡಬೇಡ, ಜಗಳ ಆಗ್ತದೆ, ಕೆಳಗಿಡು" ಎನ್ನುತ್ತಿದ್ದರಲ್ಲ, ಅದರಿಂದಲೂ ಕೈ ಕೊಯ್ದುಕೊಳ್ಳುವುದು ತಪ್ಪುತ್ತದೆ. ಪಶ್ಚಿಮದವರಲ್ಲೂ ಒಂದು ನಂಬಿಕೆಯುಂಟು: ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸುತ್ತದಂತೆ. ಅದಕ್ಕೆ ಪಡೆದವರು ಒಂದು ಚಿಲ್ಲರೆ ನಾಣ್ಯ ಕೊಟ್ಟು 'ಕೊಂಡಂತೆ' ಮಾಡುತ್ತಾರೆ. ನಾನೂ ಅಣ್ಣನಿಗೆ ಪ್ರತಿ ಸಲ ಒಂದು ರೂಪಾಯಿ ಕೊಡುತ್ತೇನೆ.

ಹಳೆಯ ಚಾಕು ಕೈಗೆ ಬಂದರೆ

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥದ್ದು ಇರಬಹುದು. ಅಮೆರಿಕದ್ದೇ ಆಗಬೇಕೆಂದಿಲ್ಲ. ಅಜ್ಜನ ಅಡಕತ್ತರಿ, ಹಳೆಯ ಈಳಿಗೆ, ಜೇಬುಚಾಕು ಯಾವುದಕ್ಕಾದರೂ ಈ ಸೂಚನೆಗಳು ಉಪಯೋಗಕ್ಕೆ ಬರುತ್ತವೆ.

೧. ಅಲಗು ಹಿಡಿಕೆಯೊಳಕ್ಕೆ ಹೋಗುವ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರು, ಊರು ಒತ್ತಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ. ಚಾಕಿನ ಹುಟ್ಟೂರು, ಕಾಲ ತಿಳಿಯುವುದು ಹೆಚ್ಚಾಗಿ ಅದರಿಂದಲೇ.

೨. ಹಿತ್ತಾಳೆಗೆ ಹಾಕಿದಂತೆ ಹುಣಿಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಉಕ್ಕನ್ನು ತಿನ್ನುತ್ತದೆ. ಮರಳು ಕಾಗದವೂ ಬೇಡ. ಹೊಳಪಿಸಲು ಹೋದರೆ ಒತ್ತಿದ ಅಕ್ಷರವೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ.

೩. ಕಪ್ಪು ಕಲೆ ಬೇರೆ, ತುಕ್ಕು ಬೇರೆ. ಮಾವಿನಕಾಯಿ, ಈರುಳ್ಳಿ ಹೆಚ್ಚಿದ ಈಳಿಗೆ ಕಪ್ಪಾಗುವುದಿಲ್ಲವೇ, ಹಾಗೇ ಹಳೆಯ ಉಕ್ಕೂ ಕಪ್ಪಾಗುತ್ತದೆ. ಅದು ಅಲಗಿಗೆ ಒಂದು ಹೊದಿಕೆಯಿದ್ದಂತೆ, ಇರಲಿ ಬಿಡಿ. ಕೆಂಪು ಪುಡಿ ಕಂಡರೆ ಮಾತ್ರ ತುಕ್ಕು. ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಅದ್ದಿದ ಬಟ್ಟೆಯಿಂದ ನಿಧಾನವಾಗಿ ಒರೆಸಿ ತೆಗೆಯಿರಿ.

೪. ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಹಾಕಿದರೆ ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹಣ್ಣು ತರಕಾರಿ ಹೆಚ್ಚುವ ಮುಂಚೆ ಅಲಗನ್ನು ಚೆನ್ನಾಗಿ ತೊಳೆದು ಒರೆಸಿ.

೫. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಹಳೆಯ ಚಾಕು ಕೊಡಬೇಡಿ. ಕಿಡಿ ಹಾರುವಾಗ ಉಕ್ಕು ಕಾದು ಅದರ ಹದ ಕೆಡುತ್ತದೆ, ಅಲಗೂ ಸವೆಯುತ್ತದೆ. ಸಾಣೆಕಲ್ಲಿನ ಮೇಲೆ ನೀರು ಹಾಕಿ ಕೈಯಿಂದಲೇ ಮಸೆಯುವುದು ಒಳ್ಳೆಯದು.

೬. ತೊಗಲಿನ ಚೀಲದಲ್ಲಿ ಇಟ್ಟು ಮರೆಯಬೇಡಿ. ತೊಗಲು ಮಳೆಗಾಲದ ತೇವ ಹೀರುತ್ತದೆ. ಉಕ್ಕಿಗೆ ತುಕ್ಕು, ಒಳಗಿನ ಹಿತ್ತಾಳೆ ತಗಡಿಗೆ ಹಸಿರು ಕಿಲುಬು. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ.

೭. ವಿಮಾನದಲ್ಲಿ ತರುವಾಗ ಚಾಕು ಕೈಚೀಲದಲ್ಲಿ ಇರಕೂಡದು. ಸಾಮಾನಿಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು. ಶಾಲೆಗೆ, ಶಿಬಿರಕ್ಕೆ ಮಕ್ಕಳ ಕೈಯಲ್ಲಿ ಕಳಿಸುವುದಾದರೆ ಮೊದಲು ಶಿಕ್ಷಕರ ಒಪ್ಪಿಗೆ ಕೇಳಿ.

ಅಲಗು ಎಷ್ಟು ಸವೆದಿದೆ, ನಾಲ್ಕೂ ಅಲಗು ಮೂಲದವೇ, ಹಿಡಿಕೆ ಬಿರುಕು ಬಿಟ್ಟಿದೆಯೇ, ಲಾಂಛನದ ಬಿಲ್ಲೆ ಇದೆಯೇ, ಇಷ್ಟನ್ನು ನೋಡಿ ಸಂಗ್ರಹಕಾರರು ಬೆಲೆ ಕಟ್ಟುತ್ತಾರೆ. ನೀವು ಮಾರದಿದ್ದರೂ ಇದೆಲ್ಲ ತಿಳಿದಿರಲಿ. ಮುಂದಿನ ಸಲ ಗುಜರಿಯವನು ಬಾಗಿಲಿಗೆ ಬಂದಾಗ, ತಕ್ಕಡಿಗೆ ಹಾಕುವ ಮುಂಚೆ ಟ್ರಂಕಿನ ತಳ ಒಮ್ಮೆ ತಡಕಿ. ಮನೆಯ ಹಿರಿಯರಿದ್ದರೆ, "ಇದು ಯಾರದು, ಯಾರು ಕೊಟ್ಟದ್ದು?" ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಕಟ್ಟಿಡಿ. ನಮ್ಮ ಎಂಟು ಚಾಕುಗಳಿಗೂ ಅಂಥ ಚೀಟಿಗಳಿವೆ. ಅಪ್ಪನ ಚಾಕಿನ ಚೀಟಿಯಲ್ಲಿ ಮಾಸ್ತರರ ಹೆಸರಾದ ಮೇಲೆ ಅಪ್ಪನದು, ಆಮೇಲೆ ನನ್ನದು. ಕೊನೆಯ ಹೆಸರನ್ನು ಮಗಳು ಕೊಂಡಜ್ಜಿಯಿಂದ ಬಂದ ರಾತ್ರಿ ತಾನೇ ಬರೆದಿದ್ದಾಳೆ.